ಕಿರುಬೆರಳಿನ ಅಳತೆ

ಹೋದ ತಿಂಗಳು ಹೊಳೆನರಸೀಪುರದಲ್ಲಿ ನಮ್ಮ ಕಾರಿನ ಮುಂದೆ ಒಂದು ಗೂಡ್ಸ್ ಆಟೊ ಕೆಟ್ಟು ನಿಂತಿತ್ತು. ಅದರ ಟ್ಯಾಂಕು ಸೋರುತ್ತಿತ್ತು. ಆಟೊದವನು ಪಕ್ಕದ ಅಂಗಡಿಯಿಂದ ಬಟ್ಟೆ ಸಾಬೂನು ತಂದು, ಅಂಗೈಯಲ್ಲಿ ನಾದಿ, ಸೀಳು ಬಿಟ್ಟ ಜಾಗಕ್ಕೆ ಮೆತ್ತುತ್ತಿದ್ದ. ನಾನು ಕಿಟಕಿ ಇಳಿಸಿಕೊಂಡು ಕೂತಿದ್ದೆ. ಪೆಟ್ರೋಲಿನ ಜೊತೆ ಸಾಬೂನು ಕಲೆತ ಆ ವಾಸನೆ ಬಂತು ನೋಡಿ... ಗಾಜು ಏರಿಸಿಬಿಟ್ಟೆ. ಪಕ್ಕದಲ್ಲಿದ್ದ ತಂಗಿ ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಪೆಟ್ರೋಲಿನ ವಾಸನೆ ಅವಳಿಗೆ ಆಗುವುದಿಲ್ಲ, ಅದಕ್ಕೇ ಅಣ್ಣ ಗಾಜು ಏರಿಸಿದ ಅಂದುಕೊಂಡಿರಬೇಕು. ಅವಳು ನನ್ನ ಬಗ್ಗೆ ಯಾವಾಗಲೂ ಒಳ್ಳೆಯದನ್ನೇ ಅಂದುಕೊಳ್ಳುತ್ತಾಳೆ.

ಆ ವಾಸನೆ ಬಂದಾಗಲೆಲ್ಲ ಒಬ್ಬರು ನನ್ನ ಮುಂದೆ ಬಂದು ನಿಲ್ಲುತ್ತಾರೆ. ಅವರ ಹೆಸರು ಗೊತ್ತಿದೆ, ಬರೆಯುವುದಿಲ್ಲ. ಊರಿಗೆಲ್ಲ ಅವರು ‘ಟ್ಯಾಂಕಿನ ಯಜಮಾನರು’. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಬಸ್ಸು, ಲಾರಿ, ಟ್ರ್ಯಾಕ್ಟರು, ಸ್ಕೂಟರು, ಯಾವುದರ ಟ್ಯಾಂಕು ತೂತಾದರೂ ಅಲ್ಲಿಗೇ ಬರಬೇಕಾಗಿತ್ತು. ಚನ್ನರಾಯಪಟ್ಟಣದ ಬಸ್ಸಿನ ಮಾಲೀಕರು ಕೂಡ ಟ್ಯಾಂಕು ಬಿಚ್ಚಿ ಇನ್ನೊಂದು ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಹಾಸನದ ಒಂದು ಡಿಪ್ಲೊಮಾ ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದ ಹೊಸತು. ಆಟೊಮೊಬೈಲ್ ವಿಭಾಗ. ಸ್ಕೂಟರಿನ ಟ್ಯಾಂಕು ಸೋರುತ್ತಿತ್ತೆಂದು ಸಾಬೂನು ಮೆತ್ತಿಕೊಂಡು ಅವರ ಶೆಡ್ಡಿಗೆ ಹೋಗಿದ್ದೆ. ಅವರು ಆ ಸಾಬೂನನ್ನು ಉಗುರಿನಿಂದ ಕೆರೆದು, ಮೂಸಿ, ಕೆಲಸದವರ ಕಡೆ ತಿರುಗಿ, “ಡಿಪ್ಲೊಮಾ ಮೇಷ್ಟ್ರು ಸೋಪ್ ಮೆತ್ಕಂಡು ಬಂದವ್ರೆ ಕಣ್ರಲಾ! ಮಕ್ಳಿಗೂ ಇದ್ನೇ ಯೋಳ್ಕೊಡ್ತೀರಾ ಸಾ?” ಅಂದರು. ಟೀ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ಎಷ್ಟು ವರ್ಷವಾದರೂ ನನ್ನ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅವರಿಗೆ ಎಡಗಿವಿ ಇರಲಿಲ್ಲ. ಆ ಜಾಗದಲ್ಲಿ ಸುಕ್ಕುಗಟ್ಟಿದ ಚರ್ಮ ಇತ್ತು. ಕೆಲಸ ಕಲಿಯುವಾಗ ಅವರ ಗುರು ಒಂದು ಲಾರಿಯ ಟ್ಯಾಂಕನ್ನು ಸರಿಯಾಗಿ ತೊಳೆಯದೆ ಬೆಸುಗೆಗೆ ಇಟ್ಟಿದ್ದರಂತೆ. ಟ್ಯಾಂಕು ಸಿಡಿದು ಗುರು ಹೋದರು, ಶಿಷ್ಯನ ಕಿವಿ ಹೋಯಿತು. ಅಂದಿನಿಂದ ಅವರು ಯಾವ ಟ್ಯಾಂಕಿಗೂ ಮೂರು ನೀರು ತೊಳೆಯದೆ, ಕೊರಳಿನವರೆಗೆ ನೀರು ತುಂಬಿಸದೆ ಬೆಂಕಿ ತೋರಿಸುತ್ತಿರಲಿಲ್ಲ. ಅರ್ಜೆಂಟು ಅಂದವರಿಗೆ ಅದೇ ಸುಕ್ಕು ಚರ್ಮ ತೋರಿಸುತ್ತಿದ್ದರು. ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವರಿಗೆ ‘ಒಂಟಿಗಿವಿ’ ಅಂತ ಹೆಸರಿಟ್ಟು ಎಲ್ಲರನ್ನೂ ನಗಿಸಿದ್ದೆ.

ಅವರದೊಂದು ಪದ್ಧತಿ ಇತ್ತು. ಟ್ಯಾಂಕನ್ನು ಅದರ ಜಾಗದಲ್ಲಿ ಕೂರಿಸಿ, ಮೇಲೆ ಕಬ್ಬಿಣದ ಪಟ್ಟಿ ಎಳೆದು ಬೋಲ್ಟು ಬಿಗಿಯುವಾಗ, ಗಾಡಿಯ ಮಾಲೀಕನನ್ನೇ ಕರೆಯುತ್ತಿದ್ದರು. “ಕಿರುಬೆಳ್ಳು ಮಡಗಿ ಇಲ್ಲಿ” ಅನ್ನುತ್ತಿದ್ದರು. ಪಟ್ಟಿಗೂ ಟ್ಯಾಂಕಿಗೂ ನಡುವೆ ಮಾಲೀಕ ಕಿರುಬೆರಳು ಇಡಬೇಕು. ಅವರು ಸ್ಪ್ಯಾನರು ತಿರುಗಿಸುತ್ತಾ ಹೋಗುತ್ತಾರೆ. ಮಾಲೀಕ ಅಯ್ಯೋ ಅನ್ನಬೇಕು. ಅಂದ ಮೇಲೆ ಬೆರಳು ಬಿಡಿಸಿ, ಆ ಸಂದಿಗೆ ರಬ್ಬರು ಪಟ್ಟಿ ತುರುಕಿ, ಇನ್ನೂ ಒಂದು ಸುತ್ತು. ಬೆರಳು ಇಡದವನ ಗಾಡಿ ಶೆಡ್ಡಿನಿಂದ ಹೊರಗೆ ಹೋಗುತ್ತಿರಲಿಲ್ಲ. ಯಾಕೆ ಹೀಗೆ ಅಂತ ಕೇಳಿದರೆ, ನೋವು ಕಂಡವನು ಆಮೇಲೆ ಆ ಬೋಲ್ಟನ್ನು ಸಡಿಲ ಬಿಡುವುದಿಲ್ಲ ಅನ್ನುತ್ತಿದ್ದರು. ಸುತ್ತಮುತ್ತಲಿನ ಎಷ್ಟು ಜನ ಗಾಡಿ ಮಾಲೀಕರ ಕಿರುಬೆರಳಿನ ಉಗುರು ಕಪ್ಪಾಗಿತ್ತೋ ದೇವರೇ ಬಲ್ಲ.

ನನ್ನ ತಂಗಿಯನ್ನು ಅರಕಲಗೂಡಿಗೆ ಕೊಟ್ಟಿದ್ದೆವು. ಭಾವನದು ಬಿತ್ತನೆ ಆಲೂಗಡ್ಡೆಯ ವ್ಯಾಪಾರ, ಕೊಣನೂರಿನ ಕಡೆ ಜಮೀನು. ಗಟ್ಟಿ ಆಳು, ಬಾಯಿ ತುಂಬ ಮಾತು, ಕಾರಿನ ಹುಚ್ಚು. ಎರಡು ಸಾವಿರದ ಈಚೆಗೆ ಅವನಿಗೆ ಡ್ರ್ಯಾಗ್ ರೇಸಿನ ಗೀಳು ಹತ್ತಿತು. ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ, ನೆಟ್ಟಗಿನ ರಸ್ತೆಯಲ್ಲಿ ನಾನೂರು ಮೀಟರು ಯಾರು ಮೊದಲು ಮುಟ್ಟುತ್ತಾರೆ ಅನ್ನುವ ಆಟ. ಹಿರೀಸಾವೆಯ ಹತ್ತಿರ ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ ಅದು. ಟಾರು ಹಾಕಿ ಮುಗಿದು ಇನ್ನೂ ಗಾಡಿ ಬಿಡದ ಒಂದು ತುಂಡು ರಸ್ತೆ ಖಾಲಿ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ನಾಲ್ಕೈದು ಕಾರು ಸೇರುತ್ತಿದ್ದವು. ನಾನು ಭಾವನ ಇಂಜಿನಿಯರು. ಹಾಗಂತ ಅವನೇ ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದ, “ನಮ್ ಬಾವ ಕಣ್ರಪ್ಪ, ಕಾರಿನ ಮ್ಯಾಲೇ ಓದ್ಕಂಡವ್ರೆ.” ಅದನ್ನು ಕೇಳಲಿಕ್ಕೇ ನಾನು ಪ್ರತಿ ವಾರ ಹೋಗುತ್ತಿದ್ದೆ ಅನ್ನಿಸುತ್ತದೆ.

ಒಂದು ಸಲ ಭಾವ ಕೊಯಮತ್ತೂರಿನಿಂದ ಒಂದು ಫ್ಯೂಯೆಲ್ ಸೆಲ್ ತಂದ. ರೇಸಿನ ಕಾರಿಗೆಂದೇ ಮಾಡುವ ಇಂಧನದ ಪೆಟ್ಟಿಗೆ ಅದು. ಹೊರಗೆ ತಗಡು, ಒಳಗೆ ರಬ್ಬರಿನ ಚೀಲ, ಚೀಲದ ತುಂಬ ಸ್ಪಂಜು. ಕಾರಿನ ಹಳೆಯ ಟ್ಯಾಂಕು ತೆಗೆದು ಇದನ್ನು ಡಿಕ್ಕಿಯಲ್ಲಿ ಕೂರಿಸಬೇಕು. ನಾನೇ ಕೂರಿಸುತ್ತೇನೆ ಅಂದೆ. ಆದರೆ ತಂಗಿ ಕೇಳಲಿಲ್ಲ. ಪೆಟ್ರೋಲಿನ ವಿಷಯ, ಟ್ಯಾಂಕಿನ ಯಜಮಾನರ ಕೈಯಲ್ಲೇ ಮಾಡಿಸಿ ಅಂತ ಹಠ ಹಿಡಿದಳು. ಅವರ ಕೈಗುಣದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಯಜಮಾನರು ಆ ಪೆಟ್ಟಿಗೆಯನ್ನು ಅರ್ಧ ದಿನ ತಿರುಗಿಸಿ ಮುರುಗಿಸಿ ನೋಡಿದರು. ಅಂಥದ್ದನ್ನು ಅವರು ಕಂಡಿರಲಿಲ್ಲ. ಮುಚ್ಚಳ ತೆಗೆದು ಸ್ಪಂಜನ್ನು ಬೆರಳಿನಿಂದ ಒತ್ತಿ ಒತ್ತಿ, ಇದು ಪೆಟ್ರೋಲು ಕುಲುಕದ ಹಾಗೆ, ಒಡೆದರೂ ಒಮ್ಮೆಗೇ ಚೆಲ್ಲದ ಹಾಗೆ ಮಾಡಿರುವ ಉಪಾಯ ಅಂತ ತಾವೇ ಕಂಡುಕೊಂಡರು. ಆಮೇಲೆ ಭಾವನಿಗೆ ಹೇಳಿದರು. “ಪೆಟ್ಗೆ ಒಳ್ಳೇದೇಯ. ಆದ್ರೆ ಅದ್ನ ಯಾವ್ದ್ಕೆ ಕಟ್ತೀವಿ ಅನ್ನೋದ್ರಾಗೆ ಅದೆ ಎಲ್ಲಾವ. ತಗಡಿಗೆ ಕಟ್ಟಿದ್ರೆ ತಗಡ್ನೂ ಕಿತ್ಕಂಡು ಬತ್ತದೆ.”

ನಾಲ್ಕು ದಿನ ಕೆಲಸ ಮಾಡಿದರು. ಡಿಕ್ಕಿಯ ಎರಡೂ ಮಗ್ಗುಲಲ್ಲಿ ಹೋಗುವ ಚಾಸಿಯ ಉಕ್ಕಿಗೆ ಸರಿಯಾಗಿ ಚೌಕದ ಪೈಪಿನ ಒಂದು ಫ್ರೇಮು ಮಾಡಿದರು. ಪೆಟ್ಟಿಗೆ ಆ ಫ್ರೇಮಿನೊಳಗೆ ಕೂತಿತು. ಮೇಲೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಪಟ್ಟಿ. ಪ್ರತಿ ಬೋಲ್ಟಿನ ಕೆಳಗೂ ಅಂಗೈ ಅಗಲದ ದಪ್ಪ ಪ್ಲೇಟು. ಡ್ರೈವರಿನ ಬೆನ್ನಿಗೂ ಡಿಕ್ಕಿಗೂ ನಡುವೆ ಒಂದೂ ಸಂದಿಲ್ಲದ ಉಕ್ಕಿನ ಗೋಡೆ. ಪೆಟ್ಟಿಗೆಯೊಳಗೆ ಗಾಳಿಯಾಡುವ ಕೊಳವೆಯನ್ನು ಕಾರಿನ ಹೊರಗೆ ಬಿಟ್ಟು, ಅದರಲ್ಲಿ ಕಾರು ಮಗುಚಿದರೆ ತಾನಾಗಿ ಮುಚ್ಚಿಕೊಳ್ಳುವ ಒಂದು ಗುಂಡು. ಪೆಟ್ರೋಲಿನ ಪೈಪು ಕಾರಿನ ಒಳಗೆ ಎಲ್ಲೂ ಹಾಯಲಿಲ್ಲ. ಕೊನೆಗೆ ಭಾವನ ಕಿರುಬೆರಳು. ಭಾವ ಹಲ್ಲು ಕಚ್ಚಿಕೊಂಡು ನಿಂತ. ಅವರು ಅವನು ಕೂಗುವವರೆಗೂ ಬಿಡಲಿಲ್ಲ.

ಆಮೇಲೆ ಅವರು ಮಾಡಿದ್ದು ಇನ್ನೂ ದೊಡ್ಡ ತಮಾಷೆ. ಪೆಟ್ಟಿಗೆಗೆ ನೀರು ತುಂಬಿ, ಆ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲೆಸಿ, ಕೆಳಗೆ ತಮ್ಮ ಬಿಳಿ ಪಂಚೆ ಹಾಸಿ, ಎಂಟು ಜನರನ್ನು ಸೇರಿಸಿ ಕಾರನ್ನೇ ಹುಲ್ಲಿನ ಹೊರೆಗಳ ಮೇಲೆ ಮಗ್ಗುಲಾಗಿ ಮಲಗಿಸಿದರು! ಹೊಸ ಪೇಂಟು ಹಾಳಾಗುತ್ತದೆ ಅಂತ ನಾನು ಕೂಗಾಡಿದೆ. “ಮಗುಚೋದಾದ್ರೆ ನನ್ ಶೆಡ್ನಾಗೇ ಮಗುಚ್ಲಿ ಸುಮ್ಕಿರಿ ಮೇಷ್ಟ್ರೇ” ಅಂದರು. ಕಾರನ್ನು ಹಾಗೇ ಮಲಗಿಸಿಟ್ಟು ಟೀ ತರಿಸಿ ಕುಡಿದರು. ಪಂಚೆಯ ಮೇಲೆ ಒಂದು ನೀಲಿ ಚುಕ್ಕೆಯೂ ಬೀಳಲಿಲ್ಲ.

ನಾನು ಆ ದಿನ ಒಂದು ಹಾಳೆ ತೆಗೆದುಕೊಂಡು ಹೋಗಿದ್ದೆ. ಆ ಫ್ರೇಮು ಅನವಶ್ಯಕ ಭಾರ, ಪೆಟ್ಟಿಗೆಯ ಅಂಚಿಗೇ ಎಂಟು ಸ್ಕ್ರೂ ಹೊಡೆದರೆ ಸಾಕು ಅಂತ ಲೆಕ್ಕ ಹಾಕಿ ತೋರಿಸುವ ಹಾಳೆ. ಕಾಲೇಜಿನ ಅಕ್ಷರದಲ್ಲಿ, ಗೆರೆ ಎಳೆದು, ಚಿತ್ರ ಬರೆದು ಚಂದವಾಗಿ ಮಾಡಿದ್ದೆ. ಯಜಮಾನರು ಅದನ್ನು ಇಸಿದುಕೊಂಡು ಅದರಲ್ಲೇ ಎರಡೂ ಕೈ ಒರೆಸಿಕೊಂಡರು. “ಪೇಪರ್ ಚೆನ್ನಾಗದೆ ಮೇಷ್ಟ್ರೇ, ಎಣ್ಣೆ ಬೇಗ ಈರ್ಕತದೆ” ಅಂದರು. ಈ ಸಲ ಡ್ರೈವರುಗಳ ಜೊತೆ ಭಾವನೂ ನಕ್ಕ. ಇಷ್ಟು ಸಾಕಾಗಿತ್ತು ನನಗೆ.

ಮುಂದಿನ ಭಾನುವಾರ ಭಾವ ಅರ್ಧ ಕಾರಿನಷ್ಟು ಅಂತರದಲ್ಲಿ ಸೋತ. ಗೆದ್ದವನು ಬಂದು ಕಾರಿನ ಡಿಕ್ಕಿ ತಟ್ಟಿ, ಏನಪ್ಪಾ ಒಳಗೆ ಆಲೂಗಡ್ಡೆ ಮೂಟೆ ಇಟ್ಟಿದ್ದೀಯಾ ಅಂತ ಕೇಳಿದ. ಭಾವನ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಅವನು ಸೋತದ್ದು ನನಗೆ ಒಳಗೊಳಗೇ ಖುಷಿಯಾಯಿತು. “ನಾನ್ ಯೋಳಿರ್ಲಿಲ್ವಾ?” ಅಂದೆ. ಭಾವ, ಹಾಗಾದರೆ ನೀನೇ ಮಾಡು ಬಾವ ಅಂದ.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ವರ್ಕ್‌ಶಾಪಿನಲ್ಲಿ ನಾವಿಬ್ಬರೇ. ಫ್ರೇಮು ಬಿಚ್ಚಿದೆ. ನಾಲ್ಕು ಪಟ್ಟಿ, ಅಂಗೈ ಅಗಲದ ಪ್ಲೇಟು, ಎಲ್ಲ ತೆಗೆದು ಮೂಲೆಗಿಟ್ಟೆ. ಉಕ್ಕಿನ ಗೋಡೆ ತೆಗೆದು ಅದರ ಜಾಗಕ್ಕೆ ಪ್ಲೈವುಡ್ಡಿನ ಹಲಗೆ ಹಾಕಿದೆ. ಪೆಟ್ಟಿಗೆಯ ಅಂಚಿಗೆ ಡ್ರಿಲ್ ಹೊಡೆದು ಎಂಟು ಸ್ಕ್ರೂ, ಡಿಕ್ಕಿಯ ತೆಳು ತಗಡಿಗೆ ನೇರವಾಗಿ. ಬೋಲ್ಟು ಬಿಚ್ಚಲು ಎಷ್ಟು ಕಷ್ಟವಾಯಿತೆಂದರೆ ನನ್ನ ಅಂಗೈಯಲ್ಲಿ ಎರಡು ಕಡೆ ಬೊಬ್ಬೆ ಬಂತು. ಆಗಲಾದರೂ ಬುದ್ಧಿ ಬರಬೇಕಿತ್ತು. ಎಷ್ಟು ಭಾರ ಕಡಿಮೆಯಾಯಿತು ಅಂತ ತಕ್ಕಡಿಗೆ ಹಾಕಿ ನೋಡಿ ಇಬ್ಬರೂ ಬೆನ್ನು ತಟ್ಟಿಕೊಂಡೆವು.

ಯಜಮಾನರಿಗೆ ಆ ಕಾರು ಓಡುವುದನ್ನು ನೋಡುವ ಆಸೆ ಇತ್ತು. ಫೋನು ಮಾಡಿ ಕೇಳಿದ್ದರು. “ನಾನೂ ಬತ್ತೀನಿ, ಯಾವತ್ತು ಓಡಿಸ್ತೀರಾ ಯೋಳಿ.” ಬಂದರೆ ಮೊದಲು ಡಿಕ್ಕಿ ತೆಗೆಸಿ ನೋಡುವ ಆಸಾಮಿ. ಓಟ ಇದ್ದದ್ದು ಆ ಭಾನುವಾರ, ನಾನು ಬೇಕೆಂದೇ ಅದರ ಮುಂದಿನ ಭಾನುವಾರ ಅಂತ ಹೇಳಿದೆ.

ಆ ಬೆಳಿಗ್ಗೆ ಭಾವ ಗೆದ್ದ. ಅದನ್ನೂ ಹೇಳಬೇಕು. ಗೆರೆ ದಾಟುವಾಗ ಅವನೇ ಮುಂದಿದ್ದ, ನಾನು ಟವೆಲು ಬೀಸಿ ಕುಣಿದೆ. ಗೆರೆ ದಾಟಿದ ಮೇಲೆ ಬ್ರೇಕು ಒತ್ತಿದಾಗ ಕಾರು ಬಾಲ ಬೀಸಿತು. ರಸ್ತೆ ಮುಗಿಯುವ ಕಡೆ ಒಂದು ಮೋರಿಯ ಕಟ್ಟೆ ಇತ್ತು. ಕಾರಿನ ಹಿಂದಿನ ಮೂಲೆ ಆ ಕಟ್ಟೆಗೆ ತಾಗಿ, ಒಂದು ಸುತ್ತು ತಿರುಗಿ ನಿಂತಿತು. ಅಷ್ಟೇ. ದೊಡ್ಡ ಅಪಘಾತವೇನಲ್ಲ, ಮುಂದಿನ ಗಾಜು ಕೂಡ ಒಡೆದಿರಲಿಲ್ಲ. ಬಾಗಿಲು ತೆಗೆದು ನಗುತ್ತಾ ಇಳಿಯುತ್ತಾನೆ ಅಂದುಕೊಂಡು ನಾವೆಲ್ಲ ಓಡಿದೆವು... ಎಂಟು ಸ್ಕ್ರೂ ಕಿತ್ತುಕೊಂಡು, ಪ್ಲೈವುಡ್ಡು ಸೀಳಿಕೊಂಡು, ಆ ಪೆಟ್ಟಿಗೆ ಅವನ ಸೀಟಿನ ಬೆನ್ನಿಗೆ ಬಂದು ಬಡಿದಿತ್ತು. ಪೈಪು ಹರಿದಿತ್ತು. ನಾವು ಹತ್ತಿರ ಹೋಗುವ ಮುಂಚೆ ಬೆಂಕಿ ಹೊತ್ತಿಕೊಂಡಿತು.

ಹನ್ನೊಂದು ದಿನ ಬದುಕಿದ್ದ. ಆಸ್ಪತ್ರೆಯಲ್ಲಿ ತಂಗಿ ಬಾಗಿಲಿನ ಹೊರಗೆ ನೆಲದ ಮೇಲೆ ಕೂತಿರುತ್ತಿದ್ದಳು, ನಾನು ಒಳಗೆ. ಎಡಗೈ ಒಂದು ಮಾತ್ರ ಸುಟ್ಟಿರಲಿಲ್ಲ. ಅದರ ಕಿರುಬೆರಳಿನ ಉಗುರಿನಲ್ಲಿ ಯಜಮಾನರ ಪಟ್ಟಿ ಮಾಡಿದ ಕಪ್ಪು ಕಲೆ ಹಾಗೇ ಇತ್ತು. ಮೊದಲ ಎರಡು ದಿನ ಅವನು ಏನೋ ಹೇಳಲು ತುಟಿ ಅಲ್ಲಾಡಿಸುತ್ತಿದ್ದ. ನಾನು ಕಿವಿ ಹತ್ತಿರ ಒಯ್ಯಲಿಲ್ಲ. ಮೂರನೆಯ ದಿನ ಡಾಕ್ಟರು, ಇನ್ನು ಮಾತಾಡುವುದು ಕಷ್ಟ ಅಂದರು. ಆಗ ನನಗೆ ಆದದ್ದು ದುಃಖವಲ್ಲ. ಕಾರಿಡಾರಿಗೆ ಬಂದು ಉದ್ದಕ್ಕೆ ಉಸಿರು ಬಿಟ್ಟೆ.

ಮಣ್ಣು ಮಾಡಿ ಬಂದ ದಿನ ಅಂಗಳದಲ್ಲಿ ಜನ ಕೂತಿದ್ದರು. ಯಾರೋ ವಯಸ್ಸಾದವರು ಕೇಳಿದರು, “ಆ ಟ್ಯಾಂಕ್ ಕೂರ್ಸಿದ್ದು ಯಾರ್ಲಾ?” ಎಲ್ಲರೂ ನನ್ನ ಮುಖ ನೋಡಿದರು. “ಹೊಳೆನರಸೀಪುರದ ಟ್ಯಾಂಕಿನ ಯಜಮಾನರು” ಅಂದೆ. ಅದು ಸುಳ್ಳಲ್ಲ. ಕೂರಿಸಿದ್ದು ಅವರೇ. ಬಿಚ್ಚಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಒಳಗಿನಿಂದ ತಂಗಿ ಕೇಳಿಸಿಕೊಂಡಳು. ಅವರ ಹತ್ತಿರ ಮಾಡಿಸಿ ಅಂತ ಹಠ ಮಾಡಿದವಳು ತಾನೇ ಅಲ್ಲವೇ... ಹಣೆ ಗೋಡೆಗೆ ಚಚ್ಚಿಕೊಂಡಳು.

ಪೊಲೀಸಿನವರು ಓಡಿಸಿದವನದೇ ತಪ್ಪು ಅಂತ ಬರೆದು ಮುಗಿಸಿದರು. ಸುಟ್ಟ ಕಾರನ್ನು ಠಾಣೆಯ ಹಿಂದೆ ಹುಣಸೆಮರದ ಕೆಳಗೆ ಹಾಕಿದ್ದರು. ನಾನು ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಯಾಕೆ ಹೋದೆ ಅಂತ ಕೇಳಿದರೆ ಹೇಳುತ್ತೇನೆ. ಸ್ಕ್ರೂಗಳು ಇನ್ನೂ ಇವೆಯಾ ನೋಡಲು, ಇದ್ದರೆ ತೆಗೆದುಬಿಡಲು. ಯಜಮಾನರು ನನಗಿಂತ ಮೊದಲೇ ಬಂದು ಡಿಕ್ಕಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅಂಗೈಯಲ್ಲಿ ಒಂದು ಸ್ಕ್ರೂ ಇತ್ತು.

“ಇದು ನಂದಲ್ಲ” ಅಂದರು. “ನನ್ ಫ್ರೇಮ್ ಎಲ್ಲದೆ?” ಅಂತ ಕೇಳಿದರು. ಕಾಲೇಜಿನಲ್ಲಿದೆ ಅಂದೆ. ಅವರು ಆ ಸ್ಕ್ರೂವನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಎದ್ದು ನಿಂತಾಗ ಕಣ್ಣು ಕೆಂಪಗಿತ್ತು, ಸಿಟ್ಟಿಗೋ ಅಳುವಿಗೋ ತಿಳಿಯಲಿಲ್ಲ. “ನೀವೇ ಯೋಳ್ಬೇಕು ಮೇಷ್ಟ್ರೇ. ನಾನ್ ಯೋಳಿದ್ರೆ ತಪ್ಪಿಸ್ಕಳಕ್ಕೆ ಯೋಳ್ತಾವ್ನೆ ಅಂತಾರೆ. ನೀವ್ ಯೋಳಿದ್ರೆ ನಂಬ್ತಾರೆ. ಬಸ್ಸಿನೋರ್ ಮುಂದೆ ಒಂದ್ ಸತಿ ಯೋಳ್ಬುಡಿ, ಸಾಕು.” ಹೇಳುತ್ತೇನೆ ಅಂದೆ. ತಿಥಿ ಕಳೆಯಲಿ ಅಂದೆ. ಅವರು ನಂಬಿದರು. ಆ ಸ್ಕ್ರೂವನ್ನು ನನ್ನ ಕೈಗೇ ಕೊಟ್ಟು ಹೋದರು, ನಾನು ಅದನ್ನು ಬಸ್ಸಿನ ಕಿಟಕಿಯಿಂದ ಎಸೆದೆ.

ತಿಥಿ ಕಳೆಯಿತು. ಮಾರನೆಯ ದಿನ ತಂಗಿ ನನ್ನನ್ನು ಕರೆದು, ಅಣ್ಣಯ್ಯ, ಸ್ಕೂಟರು ತೆಗಿ ಅಂದಳು. ಮೊದಲು ಕೊಣನೂರಿನ ಹತ್ತಿರದ ಜಮೀನಿಗೆ ಹೋದೆವು. ಭಾವನನ್ನು ಮಣ್ಣು ಮಾಡಿದ್ದು ಅಲ್ಲೇ. ಅವಳು ಗುಡ್ಡೆಯಿಂದ ಎರಡು ಹಿಡಿ ಮಣ್ಣು ತೆಗೆದು ಮಡಿಲಿಗೆ ಕಟ್ಟಿಕೊಂಡಳು. ಮಣ್ಣು ತೂರಿ ಶಾಪ ಹಾಕುವುದು ನಮ್ಮ ಕಡೆ ಎಂಥದ್ದೆಂದು ಹೇಳಬೇಕಾಗಿಲ್ಲ. ಹಾಗೆ ಮಣ್ಣು ತೂರಿಸಿಕೊಂಡವನ ಮನೆಗೆ ಜನ ಹೆಣ್ಣು ಕೊಡಲೂ ಹಿಂಜರಿಯುತ್ತಾರೆ. ಅವಳು ಎಲ್ಲಿಗೆ ಹೊರಟಿದ್ದಾಳೆಂದು ನನಗೆ ಅಲ್ಲೇ ಗೊತ್ತಾಯಿತು. ಕೊಣನೂರಿನಿಂದ ಹೊಳೆನರಸೀಪುರದವರೆಗೆ ಅವಳು ನನ್ನ ಹಿಂದೆ ಕೂತಿದ್ದಳು, ಆ ಮಣ್ಣಿನ ಗಂಟು ನನ್ನ ಬೆನ್ನಿಗೆ ಒತ್ತುತ್ತಿತ್ತು. ದಾರಿಯಲ್ಲಿ ಅರಕಲಗೂಡಿನಲ್ಲಿ ನಿಲ್ಲಿಸಿ ಎಳನೀರು ಕುಡಿಸಿದೆ. ಆಗಲೂ ಹೇಳಬಹುದಿತ್ತು.

ಶೆಡ್ಡಿನಲ್ಲಿ ಮೂರು ಬಸ್ಸಿನ ಡ್ರೈವರುಗಳು, ಒಬ್ಬ ಮಾಲೀಕ ಇದ್ದರು. ಯಜಮಾನರು ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು ಕೈ ಒರೆಸಿಕೊಂಡರು. ಮುಖ ಗೆಲುವಾಯಿತು. ನಾನು ಹೇಳಲು ಬಂದಿದ್ದೇನೆ ಅಂದುಕೊಂಡರು. ತಂಗಿ ಮಡಿಲು ಬಿಚ್ಚಿದಳು. “ನನ್ ಮುಂಡೆ ಮಾಡ್ದಲ್ಲೋ! ನಿನ್ ಕೈ ಸೇದೋಗ, ಬಿದ್ದೋಗ! ನೀ ಮುಟ್ಟಿದ್ದೆಲ್ಲ ಮಣ್ಣಾಗ!” ಅಂತ ಎರಡೂ ಹಿಡಿ ಮಣ್ಣನ್ನು ಅವರ ಮುಖಕ್ಕೆ ತೂರಿದಳು. ಅವರು ಕಣ್ಣು ಮುಚ್ಚಲೂ ಇಲ್ಲ. ಮಣ್ಣು ಮೆತ್ತಿದ ಕಣ್ಣಿನಲ್ಲೇ ನನ್ನ ಕಡೆ ನೋಡಿದರು. ನಾನು ಸ್ಕೂಟರಿನ ಸ್ಟ್ಯಾಂಡು ನೋಡುತ್ತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಬೇಕಿತ್ತು. ಆದರೆ ಆ ಮಾತು ಆಡಿದರೆ ಆ ಮಣ್ಣು ಯಾರ ಮುಖಕ್ಕೆ ಬೀಳಬೇಕೋ ಆ ಮುಖ ನನ್ನದೇ ಆಗಿತ್ತು. ಗಂಡ ಹೋದವಳಿಗೆ ಅಣ್ಣನೂ ಇಲ್ಲದಂತಾಗುತ್ತದೆ ಅಂತ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ತಂಗಿಯ ಯೋಚನೆ ನನಗೆ ಬಂದಿರಲೇ ಇಲ್ಲ. ಹೆದರಿಕೆ ಬಂದಿತ್ತು, ಅಷ್ಟೆ.

ಯಜಮಾನರು ಅವಳನ್ನು, “ಆಯ್ತಾ ತಾಯಿ?” ಅಂತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ, “ನಿಮ್ದೂ ಆಯ್ತಾ ಮೇಷ್ಟ್ರೇ?” ಅಂದರು. ನಾನು ಸ್ಕೂಟರು ಸ್ಟಾರ್ಟ್ ಮಾಡಿದೆ.

ಒಬ್ಬೊಬ್ಬರಾಗಿ ಬಸ್ಸಿನವರು ಅವರನ್ನು ಬಿಟ್ಟರು. ಮುಟ್ಟಿದ್ದೆಲ್ಲ ಮಣ್ಣಾಗಲಿ ಅಂತ ಶಾಪ ಬಿದ್ದ ಕೈಗೆ ಐವತ್ತು ಜನ ಕೂರುವ ಗಾಡಿಯ ಟ್ಯಾಂಕು ಯಾರು ಕೊಡುತ್ತಾರೆ? ಸ್ವಲ್ಪ ದಿನ ನೀರಿನ ಡ್ರಮ್ಮು, ಹಾಲಿನ ಕ್ಯಾನು ಬೆಸೆದರಂತೆ. ಆಮೇಲೆ ಶೆಡ್ಡು ಬೇರೆಯವರದಾಯಿತು. ಅವರು ಸತ್ಯ ಹೇಳಿ ನೋಡಿದರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೂ ಯಾರೂ ನಂಬಿರಲಿಕ್ಕಿಲ್ಲ, ಅದನ್ನು ಅವರೇ ಮೊದಲು ಹೇಳಿದ್ದರಲ್ಲ...

ಮೂರ್ನಾಲ್ಕು ವರ್ಷದ ಮೇಲೆ ಚನ್ನರಾಯಪಟ್ಟಣದ ಹೊರಗೆ ಒಂದು ಬಂಕಿನಲ್ಲಿ ಪೆಟ್ರೋಲು ಹಾಕಿಸಲು ನಿಂತೆ. ಕಂಪನಿಯ ಅಂಗಿ, ಟೋಪಿ ಹಾಕಿಕೊಂಡ ಒಬ್ಬ ಮುದುಕ ಪೈಪು ಹಿಡಿದು ಬಂದ. ಟೋಪಿ ಓರೆಯಾಗಿತ್ತು, ಒಂದು ಕಡೆ ಕಿವಿ ಇರಲಿಲ್ಲ. “ಜೀರೋ ನೋಡ್ಕಳಿ ಸಾ” ಅಂದರು. ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ, ಮುಖ ನೋಡದೆ. ಪೆಟ್ರೋಲು ಹಾಕಿ, ಮುಚ್ಚಳ ತಿರುಗಿಸಿ, ಬಿಗಿಯಾಗಿದೆಯೋ ಇಲ್ಲವೋ ಅಂತ ಕಿರುಬೆರಳನ್ನು ಸಂದಿಗೆ ತೂರಿಸಿ ನೋಡಿದರು. ಹಿಂದಿನ ಗಾಡಿಯವನು ಹಾರನ್ ಹೊಡೆದು, “ಬೇಗ ಬಿಡೋ ಒಂಟಿಗಿವಿ!” ಅಂತ ಕೂಗಿದ. ನಾನು ಸ್ಟಾಫ್ ರೂಮಿನಲ್ಲಿ ಇಟ್ಟ ಹೆಸರು ಅಲ್ಲಿಗೂ ಹೇಗೆ ಬಂದಿತ್ತೋ ಕಾಣೆ, ಅಥವಾ ಆ ಹೆಸರು ಯಾರಿಗಾದರೂ ಹೊಳೆಯುವಂಥದ್ದೇ ಇರಬೇಕು. ಆಮೇಲೆ ನಾನು ಆ ಬಂಕಿಗೆ ಹೋಗಲಿಲ್ಲ.

ಅವರ ಫ್ರೇಮು ಮಾತ್ರ ನಮ್ಮ ಕಾಲೇಜಿನಲ್ಲೇ ಇದೆ. ಹಳದಿ ಬಣ್ಣ ಬಳಿಸಿ ಮೇಜಿನ ಮೇಲೆ ಇಡಿಸಿದ್ದೇನೆ. ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳಿಗೆ, ಇಂಧನದ ಟ್ಯಾಂಕನ್ನು ಸುರಕ್ಷಿತವಾಗಿ ಕೂರಿಸುವುದು ಹೇಗೆ ಅಂತ ಅದರ ಮೇಲೆ ಪಾಠ ಮಾಡುತ್ತೇನೆ. ತಗಡಿಗೆ ಕಟ್ಟಬಾರದು, ಚಾಸಿಗೆ ಕಟ್ಟಬೇಕು. ಬೋಲ್ಟಿನ ಕೆಳಗೆ ಅಗಲ ಪ್ಲೇಟು ಬೇಕು. ಓಡಿಸುವವನಿಗೂ ಟ್ಯಾಂಕಿಗೂ ನಡುವೆ ಉಕ್ಕಿನ ಗೋಡೆ ಬೇಕು. ಒಬ್ಬರ ಕಿರುಬೆರಳು ಇಡಿಸಿ ಪಟ್ಟಿ ಬಿಗಿಯುತ್ತೇನೆ, ಇಡೀ ಕ್ಲಾಸು ನಗುತ್ತದೆ. ನಾನು ಪಾಠ ಮಾಡುವುದರಲ್ಲೆಲ್ಲ ಅದೇ ಚೆನ್ನಾಗಿದೆ ಅಂತ ಮಕ್ಕಳು ಹೇಳುತ್ತಾರೆ. ಇದನ್ನು ಯಾರು ಮಾಡಿದ್ದು ಸಾರ್ ಅಂತ ಒಬ್ಬಳು ಕೇಳಿದಳು. ನಮ್ಮ ವರ್ಕ್‌ಶಾಪಿನಲ್ಲೇ ಮಾಡಿದ್ದು ಅಂದೆ. ಅಂಗಳದಲ್ಲಿ ಅಂದು ಆಡಿದ ಮಾತು ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದವನಿಗೆ ಈ ಸಲ ಅದೂ ಉಳಿಯಲಿಲ್ಲ.

ಹೋದ ತಿಂಗಳು ನಾವು ಹೊಳೆನರಸೀಪುರಕ್ಕೆ ಹೋಗಿದ್ದು ನೆಂಟರ ಮನೆಯ ಗೃಹಪ್ರವೇಶಕ್ಕೆ. ಆಟೊದವನು ಸಾಬೂನು ಮೆತ್ತುವುದು ಮುಗಿಯುವವರೆಗೆ ದಾರಿ ಇರಲಿಲ್ಲ. ತಂಗಿ ಗಾಜು ಇಳಿಸಿ, ಟೀ ಅಂಗಡಿಯವನನ್ನು ಕರೆದು, ಇಲ್ಲೊಬ್ಬ ಟ್ಯಾಂಕಿನೋನು ಇದ್ದನಲ್ಲ, ಎಲ್ಲಿ ಹಾಳಾಗಿಹೋದ ಅಂತ ಕೇಳಿದಳು. ಪ್ರತಿ ಸಲ ಈ ರಸ್ತೆಯಲ್ಲಿ ಬಂದಾಗ ಆ ಶೆಡ್ಡಿನ ಕಡೆ ಉಗಿಯುವವಳು, ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. ಅವನು, “ಯಜಮಾನ್ರಾ? ತೀರ್ಕಂಡ್ರಲ್ಲವ್ವ, ಎಲ್ಡ್ ವರ್ಸ ಆಯ್ತು. ಕಡೇಗೆ ಲಕ್ವ ಒಡ್ದು ಎಲ್ಡ್ ಕೈಯೂ ಬಿದ್ದೋಗಿದ್ವು. ಅನ್ನನೂ ಬ್ಯಾರೆಯೋರೇ ತಿನ್ನಿಸ್ಬೇಕಾಗಿತ್ತು” ಅಂದ.

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವರು ಇಲ್ಲ, ಎರಡು ವರ್ಷದಿಂದಲೂ ನಾನು ಎಂದಾದರೂ ಒಂದು ದಿನ ಆ ಬಂಕಿಗೆ ಹೋಗಿ ಬರಬೇಕು ಅಂದುಕೊಳ್ಳುತ್ತಲೇ ಇದ್ದೆ. ಕೇಳಿಸಿಕೊಳ್ಳಬೇಕಾದವರು ಹೋಗಿಬಿಟ್ಟರು. ಅವರಂಥ ಕೆಲಸಗಾರ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ಅಂಥವರನ್ನು ಕೊಂದದ್ದು ಲಕ್ವವಲ್ಲ ಅನ್ನುವುದು ನನ್ನೊಬ್ಬನಿಗೇ ಗೊತ್ತು.

ತಂಗಿ ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡಳು. ಭಾವ ಹೋದಂದಿನಿಂದ ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಕಂಡಿರಲಿಲ್ಲ. “ಎಲ್ಡ್ ಕೈಯೂ ಬಿದ್ದೋದ್ವಂತೆ! ಕೇಳಿಸ್ಕಂಡ್ಯಾ ಅಣ್ಣಯ್ಯ?” ಅಂದಳು. “ನಾ ತೂರಿದ್ ಮಣ್ಣು ಸುಮ್ಕೆ ಓಗ್ಲಿಲ್ಲ. ದೇವ್ರು ಅವ್ನೆ ಅಲ್ವಾ?”

ಆಟೊ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನಾನು ಗೇರು ಹಾಕಿದೆ.

“ಊಂ ಕಣವ್ವ” ಅಂದೆ.